ಮನ್ಯಾಗಿಂದು ಎಂಬ ಬಾಬ್ತು

ಹೊಸಪೇಟೆಯಿಂದ ಕಂಪ್ಲಿ ಕಡೆ ಹೋಗುವ ದಾರಿಯಲ್ಲೊಂದು ಸರ್ಕಾರಿ ಶಾಲೆ. ಅವತ್ತು ಶನಿವಾರ. ಬೇವಿನ ಮರದ ನೆರಳಿನಲ್ಲಿ ಗೋಣಿಚೀಲ ಹಾಸಿಕೊಂಡು ಮಕ್ಕಳು ಸಂತೆ ಹೂಡಿದ್ದರು. ಒಬ್ಬ ಮೆಂತ್ಯಸೊಪ್ಪಿನ ಸಿವುಡು ಕಟ್ಟಿಟ್ಟಿದ್ದ, ಇನ್ನೊಬ್ಬ ಮೊಳಕೆ ಕಾಳಿನ ಬಟ್ಟಲು ಜೋಡಿಸಿದ್ದ. ಆರನೇ ತರಗತಿಯ ಹುಡುಗಿಯೊಬ್ಬಳು ಮಂಡಾಳ ಒಗ್ಗರಣಿ ಮಾರುತ್ತಿದ್ದಳು. ಅವಳ ಬುಟ್ಟಿ ಎಲ್ಲರಿಗಿಂತ ಮೊದಲು ಖಾಲಿಯಾಯಿತು. ಬಂದ ರೊಕ್ಕವನ್ನು ಮೂರು ಸಲ ಎಣಿಸಿ ಸೆರಗಿನಂತೆ ಕಟ್ಟಿಕೊಂಡಿದ್ದ ಟವಲ್ಲಿನ ತುದಿಗೆ ಗಂಟು ಹಾಕಿದಳು. ಎಷ್ಟು ಬಂತವ್ವಾ ಅಂದೆ. ‘ಇನ್ನೂರಾ ನಲವತ್ತು ರೀ.’ ಲಾಭ ಎಷ್ಟು? ‘ಅಷ್ಟೂ ಲಾಭನೇ ರೀ.’ ಹಂಗಾರೆ ಮಂಡಾಳು, ಎಣ್ಣಿ, ಪುಟಾಣಿ ಹಿಟ್ಟು, ಉಳ್ಳಾಗಡ್ಡಿ? ಅವಳು ನನ್ನನ್ನು ಏನೂ ತಿಳಿಯದವರನ್ನು ನೋಡುವಂತೆ ನೋಡಿದಳು. ‘ಅದು ಮನ್ಯಾಗಿಂದು ರೀ.’

ಆ ಮಾತು ನನ್ನ ತಲೆಯಿಂದ ಇಳಿಯಲೇ ಇಲ್ಲ. ಏಕೆಂದರೆ ಶಾಲೆಯ ಗ್ರಂಥಾಲಯಕ್ಕೆ, ಸೋರುವ ಮಾಳಿಗೆಗೆ, ಆಸ್ಪತ್ರೆ ಸೇರಿದ ನೆರೆಯವರ ಔಷಧಿಗೆ, ಪ್ರವಾಹದಲ್ಲಿ ಮನೆ ಕಳೆದುಕೊಂಡವರಿಗೆ ಎಂದು ದೊಡ್ಡವರು ತಿಂಡಿ ಮಾಡಿ ಮಾರಿ ಹಣ ಕೂಡಿಸುವಾಗಲೂ ಇದೇ ಲೆಕ್ಕ ನಡೆಯುತ್ತದೆ. ಕೊನೆಗೆ ಮೈಕಿನಲ್ಲಿ ಒಂದು ಮೊತ್ತ ಹೇಳುತ್ತಾರೆ, ಚಪ್ಪಾಳೆ ಬೀಳುತ್ತದೆ. ಆ ಮೊತ್ತದೊಳಗೆ ಎಷ್ಟು ಮನೆಗಳ ಶೇಂಗಾ, ಎಷ್ಟು ಮನೆಗಳ ಗ್ಯಾಸು, ಎಷ್ಟು ಹೆಂಗಸರ ರಾತ್ರಿ ನಿದ್ದೆ ಕರಗಿದೆ ಎಂಬುದು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಅದು ಮನ್ಯಾಗಿಂದು. ಮುಂದಿನ ವರ್ಷ ಅದೇ ಹೆಂಗಸರು ‘ಈ ಸಲ ನಮ್ಮ ಕೈಲಿ ಆಗಲ್ಲ’ ಎಂದಾಗ ಸಂಘಟಕರಿಗೆ ಆಶ್ಚರ್ಯ. ತಿಂಡಿ ಮಾರಾಟವೊಂದು ಗೆಲ್ಲುವುದು ಸೋಲುವುದು ಒಲೆ ಹೊತ್ತುವ ಮೊದಲೇ, ಈ ಬಾಬ್ತನ್ನು ಬರೆದುಕೊಂಡೆವೋ ಇಲ್ಲವೋ ಎಂಬುದರಲ್ಲಿ ತೀರ್ಮಾನವಾಗಿಬಿಡುತ್ತದೆ ಎಂದು ನಾನು ನಂಬಿದ್ದೇನೆ.

ಅಮೆರಿಕ, ಇಂಗ್ಲೆಂಡುಗಳಲ್ಲಿರುವ ನಮ್ಮವರ ಮಕ್ಕಳಿಗೆ ಇದು ‘ಬೇಕ್ ಸೇಲ್’ ಎಂಬ ಹೆಸರಿನಲ್ಲಿ ಗೊತ್ತು. ಮನೆಯಲ್ಲಿ ಕೇಕು, ಕುಕ್ಕೀಸು ಬೇಯಿಸಿ ತಂದು ಶಾಲೆಯ ಮೇಜಿನ ಮೇಲಿಟ್ಟು ಮಾರುವುದು. ನಮ್ಮ ಮನೆಗಳಲ್ಲಿ ಓವನ್ ಇರುವುದು ಅಪರೂಪ. ಆದರೂ ಬೇಯಿಸುವ ದಾರಿ ನಮ್ಮ ಕಡೆ ಮೊದಲಿನಿಂದ ಇದೆ. ಹಿಟ್ಟು, ಸಕ್ಕರೆ, ತುಪ್ಪ ಕಟ್ಟಿಕೊಂಡು ಓಣಿಯ ಬೇಕರಿಗೆ ಹೋಗಿ, ಕಿಲೋಗೆ ಇಷ್ಟು ಎಂದು ಕೂಲಿ ಕೊಟ್ಟು ಬಿಸ್ಕತ್ತು ಹಾಕಿಸಿಕೊಂಡು ತಗಡಿನ ಡಬ್ಬಿಯಲ್ಲಿ ಬಿಸಿಬಿಸಿಯಾಗಿ ತರುವುದು ಉತ್ತರ ಕರ್ನಾಟಕದ ಅನೇಕ ಮನೆಗಳ ಬೇಸಿಗೆ ರಜೆಯ ನೆನಪು. ಉಳಿದಂತೆ ನಮ್ಮದು ಹಂಚು ಮತ್ತು ಬಾಣಲೆಯ ಸೀಮೆ. ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕರ್ಜಿಕಾಯಿ, ಶಂಕರಪೋಳಿ, ಚಕ್ಕುಲಿ, ಬಗೆಬಗೆಯ ಉಂಡಿ, ಗುರೆಳ್ಳು ಚಟ್ನಿಪುಡಿ. ಕೇಕಿಗಿಂತ ಬಹುಕಾಲ ಕೆಡದೆ ನಿಲ್ಲುವ ಪದಾರ್ಥಗಳಿವು. ನಲವತ್ತು ಡಿಗ್ರಿ ಮುಟ್ಟುವ ಊರಿನಲ್ಲಿ ಕೆನೆ ಹಚ್ಚಿದ ಕೇಕು ಮೇಜಿನ ಮೇಲೆ ಎಷ್ಟು ಹೊತ್ತು ನಿಂತೀತು!

ಮಕ್ಕಳ ಸಂತೆಗೆ ಹಲವು ಶಾಲೆಗಳಲ್ಲಿ ಇರುವ ಇನ್ನೊಂದು ಹೆಸರು ಮೆಟ್ರಿಕ್ ಮೇಳ. ಆ ಹೆಸರು ನನಗೆ ಬಹಳ ಇಷ್ಟ. 1957ರ ಏಪ್ರಿಲ್ 1ರಂದು ಆಣೆ, ಪೈಗಳು ಹೋಗಿ ನೂರು ನಯೇಪೈಸೆಯ ರೂಪಾಯಿ ಬಂತು. 1958ರ ಅಕ್ಟೋಬರಿನಿಂದ ಸೇರು, ಮಣಗಳ ಜಾಗಕ್ಕೆ ಕಿಲೋಗ್ರಾಂ ಬರತೊಡಗಿತು. ತೂಕ, ಅಳತೆ, ಚಿಲ್ಲರೆಗಳನ್ನು ಮಕ್ಕಳು ಕೈಯಾರೆ ಕಲಿಯಲಿ ಎಂಬುದು ಮೇಳದ ಉದ್ದೇಶ. ಕಾಲು ಕಿಲೋ ಸೊಪ್ಪಿಗೆ ಎಷ್ಟು, ಐವತ್ತರ ನೋಟಿಗೆ ಚಿಲ್ಲರೆ ಎಷ್ಟು ಎಂಬುದನ್ನು ಕಪ್ಪುಹಲಗೆಗಿಂತ ಚೆನ್ನಾಗಿ ಅದು ಕಲಿಸುತ್ತದೆ. ಬಂಡವಾಳ ಕಳೆಯುವ ಒಂದು ಸಾಲನ್ನು ಮಾತ್ರ ಸೇರಿಸಬೇಕು.

ಆ ಸಾಲನ್ನು ನಾವೇ ಬರೆದು ನೋಡೋಣ. ಶೇಂಗಾ ಹೋಳಿಗೆ ಎಂದಿಟ್ಟುಕೊಳ್ಳಿ. ದರಗಳು ಉದಾಹರಣೆಗೆ ಮಾತ್ರ, ನಿಮ್ಮ ಅಂಗಡಿಯ ಇವತ್ತಿನ ದರ ಹಾಕಿಕೊಳ್ಳಬಹುದು. ಒಂದು ಕಿಲೋ ಶೇಂಗಾಕ್ಕೆ 140 ರೂಪಾಯಿ, ಒಂದು ಕಿಲೋ ಬೆಲ್ಲಕ್ಕೆ 60, ಕಣಕದ ಹಿಟ್ಟಿಗೆ 45, ಎಣ್ಣೆ, ಏಲಕ್ಕಿ, ಗ್ಯಾಸು ಸೇರಿ 75. ಒಟ್ಟು 320. ಇಷ್ಟರಲ್ಲಿ ಐವತ್ತು ಹೋಳಿಗೆ ಆಗುತ್ತವೆ ಎನ್ನಿ. ಒಂದಕ್ಕೆ ಬಿದ್ದ ಖರ್ಚು 6 ರೂಪಾಯಿ 40 ಪೈಸೆ. ಹದಿನೈದಕ್ಕೆ ಮಾರಿದರೆ 750 ಬಂತು, 430 ಉಳಿಯಿತು. ಇನ್ನು ಕೈಯ ಲೆಕ್ಕ. ಶೇಂಗಾ ಹುರಿದು, ಸಿಪ್ಪೆ ಹಾರಿಸಿ, ಬೆಲ್ಲ ಕೂಡಿಸಿ ಕುಟ್ಟಿ, ಲಟ್ಟಿಸಿ, ಬೇಯಿಸುವುದಕ್ಕೆ ಇಬ್ಬರಿಗೆ ಮೂರು ತಾಸು ಹಿಡಿದರೆ ಆರು ತಾಸಿನ ದುಡಿಮೆ. ತಾಸಿಗೆ ಸುಮಾರು 72 ರೂಪಾಯಿ. ಈ ಒಂದು ಅಂಕಿ ಸಿಕ್ಕಿತೆಂದರೆ ಯೋಜನೆಯ ಅರ್ಧ ಕೆಲಸ ಮುಗಿದಂತೆ. ಏಕೆಂದರೆ ಈಗ ಹೋಳಿಗೆಯನ್ನು ಚಕ್ಕುಲಿಯ ಜೊತೆ, ಚಕ್ಕುಲಿಯನ್ನು ಚಟ್ನಿಪುಡಿಯ ಜೊತೆ ಹೋಲಿಸಿ ನೋಡಬಹುದು. ಯಾವುದರಲ್ಲಿ ಒಂದು ತಾಸಿಗೆ ಹೆಚ್ಚು ಹುಟ್ಟುತ್ತದೆ ಎಂದು ಕೇಳಬಹುದು. ಚಟ್ನಿಪುಡಿ ಈ ಪರೀಕ್ಷೆಯಲ್ಲಿ ಬಹುತೇಕ ಸಲ ಗೆಲ್ಲುತ್ತದೆ. ಲಟ್ಟಿಸುವುದಿಲ್ಲ, ಸುಡುವುದಿಲ್ಲ, ತಿಂಗಳುಗಟ್ಟಲೆ ಇರುತ್ತದೆ.

ಉಳಿದ ಮಾಲು ಏನು ಮಾಡುತ್ತದೆ ನೋಡಿ. ಐವತ್ತರಲ್ಲಿ ಹತ್ತು ಹೋಳಿಗೆ ಉಳಿದರೆ ಬಂದದ್ದು 600, ಕೈಯಲ್ಲಿ ನಿಂತದ್ದು 280. ಐದರಲ್ಲೊಂದು ಉಳಿಯಿತು, ಆದರೆ ಗಳಿಕೆಯಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೋಯಿತು. ಸಂಜೆ ನಾಲ್ಕಕ್ಕೆ ‘ಅರ್ಧ ಬೆಲೆ, ಅರ್ಧ ಬೆಲೆ’ ಎಂದು ಕೂಗುವ ಮೇಜಿನ ಹಿಂದೆ ಇರುವ ಸಂಕಟ ಇದೇ. ಆದ್ದರಿಂದ ಮುಂಗಡ ಚೀಟಿ. ಒಂದು ವಾರ ಮೊದಲೇ ಯಾರಿಗೆ ಏನು, ಎಷ್ಟು ಬೇಕು ಎಂದು ಬರೆಸಿಕೊಂಡು ಅಷ್ಟನ್ನೇ ಮಾಡುವುದು. ಅದರ ಮೇಲೆ ಹತ್ತರಲ್ಲೊಂದು ಪಾಲು ಮಾತ್ರ ಮೇಜಿಗೆ.

ಇದಕ್ಕಿಂತ ದೊಡ್ಡ ಸೋರಿಕೆ ಇನ್ನೊಂದಿದೆ. ಇಪ್ಪತ್ತು ಮನೆಯವರು ತಮ್ಮ ಖರ್ಚಿನಲ್ಲಿ ಮಾಡಿ ತಂದು, ಅದೇ ಇಪ್ಪತ್ತು ಮನೆಯವರು ಒಬ್ಬರದನ್ನೊಬ್ಬರು ಕೊಂಡರೆ? ಮೇಲಿನ ಲೆಕ್ಕದಲ್ಲಿ ಪ್ರತಿ ಮನೆ 320 ಸಾಮಾನಿಗೆ, 750 ಕೊಳ್ಳುವುದಕ್ಕೆ, ಒಟ್ಟು 1,070 ರೂಪಾಯಿ ತೆತ್ತಿತು. ಶಾಲೆಗೆ ಸೇರಿದ್ದು 750. ಆರು ತಾಸಿನ ದಣಿವು ಬೇರೆ. ಹೋಳಿಗೆ ತಿಂದ ಸಂತೋಷ ಉಂಟು, ಒಪ್ಪುತ್ತೇನೆ. ಆದರೆ ಹಣ ಕೂಡಿಸುವುದೇ ಗುರಿಯಾಗಿದ್ದರೆ ಚೀಟಿ ಹರಿದು ತಲಾ ಇಷ್ಟು ಕೊಡಿ ಎಂದು ಕೇಳುವುದು ಹಗುರವಾಗುತ್ತಿತ್ತು. ತಿಂಡಿ ಮಾರಾಟಕ್ಕೆ ಅರ್ಥ ಬರುವುದು ಹೊರಗಿನ ರೂಪಾಯಿ ಒಳಗೆ ಬಂದಾಗ. ತಮ್ಮ ಮಗು ಆ ಶಾಲೆಯಲ್ಲಿ ಓದದ, ಆ ಓಣಿಯಲ್ಲಿ ವಾಸಿಸದ ಯಾರೋ ಒಬ್ಬರು ನಿಂತು, ಕೊಂಡು, ತಿಂದು, ಇದು ಯಾತಕ್ಕೆ ಎಂದು ಕೇಳಿದಾಗ.

ಇಂಥ ರೂಪಾಯಿಯ ದೊಡ್ಡ ಕತೆ ನನಗೆ ಗೊತ್ತಿರುವುದು ಅಮೆರಿಕದ ಮಾಂಟ್‌ಗೊಮರಿ ಎಂಬ ಊರಿನದು. 1955ರ ಡಿಸೆಂಬರಿನಲ್ಲಿ ಬಿಳಿಯ ಪ್ರಯಾಣಿಕನಿಗೆ ಬಸ್ಸಿನ ಆಸನ ಬಿಟ್ಟುಕೊಡಲು ರೋಸಾ ಪಾರ್ಕ್ಸ್ ಎಂಬ ಕಪ್ಪು ಮಹಿಳೆ ಒಪ್ಪದೆ ಬಂಧನಕ್ಕೊಳಗಾದ ಮೇಲೆ ಆ ಊರಿನ ಕಪ್ಪುಜನ ಬಸ್ಸು ಹತ್ತುವುದನ್ನೇ ಬಿಟ್ಟರು. 381 ದಿನ ಬಿಟ್ಟರು. ಆ ದಿನಗಳಲ್ಲಿ ಕೆಲಸಕ್ಕೆ ಹೋಗಿಬರಲು ಅವರೇ ಕಾರುಗಳ ಸಾಲು ಓಡಿಸಬೇಕಾಯಿತು. ಪೆಟ್ರೋಲು, ರಿಪೇರಿ, ವಿಮೆ, ಎಲ್ಲಕ್ಕೂ ಹಣ ಬೇಕು. ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯಾಕೆ ಒಂದಷ್ಟು ಹೆಂಗಸರನ್ನು ಕೂಡಿಸಿದಳು. ಕೇಕು, ಗೆಣಸಿನ ಪೈ, ಕೋಳಿ ಸ್ಯಾಂಡ್‌ವಿಚ್ಚು, ಕರಿದ ಮೀನು ಮಾಡಿ ಕೇಶಾಲಂಕಾರದ ಅಂಗಡಿಗಳಲ್ಲಿ, ಟ್ಯಾಕ್ಸಿ ನಿಲ್ದಾಣಗಳಲ್ಲಿ, ಮನೆಬಾಗಿಲುಗಳಲ್ಲಿ ಮಾರಿದರು. ಕೊಂಡವರಲ್ಲಿ ಬಿಳಿಯರೂ ಇದ್ದರು. ವಾರದ ಸಭೆಯಲ್ಲಿ ಆಕೆ ಎದ್ದುನಿಂತು ಬಂದ ಮೊತ್ತ ಹೇಳಿ ಒಪ್ಪಿಸುತ್ತಿದ್ದಳು. ಗುಂಪಿಗೆ ಇಟ್ಟ ಹೆಸರು ‘ಎಲ್ಲಿಂದಲೂ ಅಲ್ಲದ ಕ್ಲಬ್ಬು’. ಹಣ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ಎಲ್ಲಿಂದಲೂ ಇಲ್ಲ ಎನ್ನಬಹುದಿತ್ತು. ಬಿಳಿಯರ ಮನೆಗಳಲ್ಲಿ ದುಡಿಯುವ ಆ ಹೆಂಗಸರ ಹೆಸರು ಹೊರಗೆ ಬಿದ್ದರೆ ಕೆಲಸ ಹೋಗುತ್ತಿತ್ತು. ಗಿಲ್ಮೋರಳ ಕೆಲಸ ಹೋಗಿಯೇ ಹೋಯಿತು. ಆ ಹೋರಾಟದ ಮುಂದಾಳು ಮಾರ್ಟಿನ್ ಲೂಥರ್ ಕಿಂಗ್ ಮೇಲಿನ ಮೊಕದ್ದಮೆಯಲ್ಲಿ ಆಕೆ ಸಾಕ್ಷಿ ಹೇಳಿದ್ದಳು. ಆಮೇಲೆ ಕಿಂಗ್ ಅವರ ಪ್ರೋತ್ಸಾಹದಿಂದಲೇ ತನ್ನ ಮನೆಯ ಅಡುಗೆಮನೆಯನ್ನೇ ಊಟದ ಮನೆ ಮಾಡಿಕೊಂಡಳು.

ಹೆಸರನ್ನು ಕಾಪಾಡುವುದಕ್ಕಾಗಿ ಹೆಸರನ್ನು ಮುಚ್ಚಿಟ್ಟರು, ಮೊತ್ತವನ್ನು ಮಾತ್ರ ಎಲ್ಲರೆದುರು ಹೇಳಿದರು. ಈ ಎರಡರ ನಡುವಿನ ಜಾಣತನ ನಮಗೂ ಬೇಕಾಗುತ್ತದೆ. ಅದಕ್ಕೆ ಮುಂದೆ ಬರುತ್ತೇನೆ.

ಹೊರಗಿನ ರೂಪಾಯಿ ನಮ್ಮ ಕಡೆ ಎಲ್ಲಿ ಸಿಗುತ್ತದೆ? ಹೊಸಪೇಟೆ, ಕಂಪ್ಲಿ, ಸಂಡೂರು, ಹಂಪಿ, ಈ ನಾಲ್ಕೂ ಊರುಗಳ ದಾರಿ ಬೇರೆಬೇರೆ. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆಗೆ ಜಿಲ್ಲಾ ಕಚೇರಿಗಳು ಬಂದವು. ಕೆಲಸದ ದಿನ ಮಧ್ಯಾಹ್ನ ಕಚೇರಿಗಳ ಸುತ್ತ ರೊಟ್ಟಿ, ಚಟ್ನಿಪುಡಿ, ಹೋಳಿಗೆಯ ಪೊಟ್ಟಣಕ್ಕೆ ಗಿರಾಕಿ ಉಂಟು. ಮಳೆಗಾಲದಲ್ಲಿ ತುಂಗಭದ್ರಾ ಅಣೆಕಟ್ಟಿನ ಬಾಗಿಲು ತೆಗೆದ ಸುದ್ದಿ ಬಂದರೆ ಸುತ್ತಲಿನ ಜಿಲ್ಲೆಗಳ ಜನ ನೋಡಲು ಬರುತ್ತಾರೆ, ಆ ಭಾನುವಾರ ಬಿಸಿ ಮಿರ್ಚಿಗೂ ಒಗ್ಗರಣಿಗೂ ಸಾಟಿಯಿಲ್ಲ.

ಅದೇ ನೀರು ಕಂಪ್ಲಿಯಲ್ಲಿ ಬೇರೆ ಲೆಕ್ಕ ಹೇಳುತ್ತದೆ. ನದಿಗೆ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ–ಗಂಗಾವತಿ ಸೇತುವೆ ಮುಳುಗಿ ಸಂಚಾರ ನಿಲ್ಲುವುದುಂಟು. ಆಚೆ ದಡದ ಗಿರಾಕಿಯನ್ನು ನಂಬಿ ಕಂಪ್ಲಿಯವರು ಜುಲೈ–ಆಗಸ್ಟಿನ ದಿನ ಗೊತ್ತುಮಾಡಿದರೆ ಮಾಡಿದ ಉಂಡಿ ಈಚೆ ದಡದಲ್ಲೇ ಉಳಿದೀತು. ಭತ್ತದ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ದಿನಗಳೇ ಅಲ್ಲಿ ಮೇಲು.

ಸಂಡೂರಿನಲ್ಲಿ ಧೂಳು. ಅದಿರು ಹೊತ್ತ ಲಾರಿಗಳು ಓಡುವ ರಸ್ತೆಯ ಬದಿಯಲ್ಲಿ ತೆರೆದ ಬುಟ್ಟಿ ಇಟ್ಟರೆ ಅರ್ಧ ತಾಸಿನಲ್ಲಿ ಚಕ್ಕುಲಿಗೆ ಕೆಂಪು ಬಣ್ಣ. ಅಲ್ಲಿ ಎಲ್ಲವೂ ಮುಚ್ಚಿದ ಡಬ್ಬಿಯಲ್ಲೇ ಇರಬೇಕು, ಮೇಜು ಒಳಾಂಗಣದಲ್ಲೇ ಇರಬೇಕು. ಆದರೆ ಈ ಇಡೀ ಲೇಖನಕ್ಕೆ ದೊಡ್ಡ ಪಾಠ ಹೇಳುವ ಊರೂ ಸಂಡೂರೇ. ಅಲ್ಲಿನ ಕುಶಲ ಕಲಾ ಕೇಂದ್ರದಲ್ಲಿ 1984ರಿಂದ ಲಂಬಾಣಿ ಹೆಂಗಸರು ಕಸೂತಿ ಹಾಕುತ್ತಿದ್ದಾರೆ. ಕನ್ನಡಿ, ಕವಡೆ, ಬಣ್ಣದ ನೂಲುಗಳ ಆ ಕೆಲಸಕ್ಕೆ ‘ಸಂಡೂರು ಲಂಬಾಣಿ ಕಸೂತಿ’ ಎಂದು ಭೌಗೋಳಿಕ ಸೂಚಕ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ–20 ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಸೇರಿ ಮಾಡಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಅಜ್ಜಿ ಮೊಮ್ಮಗಳಿಗೆ ಮನೆಯಲ್ಲಿ ಕಲಿಸಿದ ಹೊಲಿಗೆ ಅದು, ಅದೂ ಒಂದು ಕಾಲಕ್ಕೆ ಬರೀ ಮನ್ಯಾಗಿಂದೇ ಆಗಿತ್ತು. ಹೊಲಿದ ಕೈಗೆ ಕೂಲಿ ಇದೆ, ತುಂಡಿಗೆ ಬೆಲೆ ಇದೆ, ಕಲೆಗೆ ಹೆಸರಿದೆ ಎಂದು ಯಾರೋ ಬರೆದಿಡಲು ಶುರುಮಾಡಿದ ದಿನದಿಂದ ಅದರ ನಡೆ ಬದಲಾಯಿತು. ಕಾಗದದಂತೆ ತೆಳ್ಳಗೆ ಸಜ್ಜೆ ರೊಟ್ಟಿ ತಟ್ಟುವ ಕೈಗೆ ಆ ದಿನ ಇನ್ನೂ ಬಂದಿಲ್ಲ.

ಹಂಪಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಪ್ರವಾಸಿಗರು ಅಲ್ಲೇ ಇದ್ದಾರಲ್ಲ, ವಿರೂಪಾಕ್ಷನ ಬೀದಿಯಲ್ಲೇ ನಾಲ್ಕು ಮೇಜು ಹಾಕೋಣ ಎಂದು ಉತ್ಸಾಹಿಗಳು ಹೇಳುತ್ತಾರೆ. ಸಂರಕ್ಷಿತ ಸ್ಮಾರಕದೊಳಗೆ ಅಡುಗೆ ಮಾಡುವುದು, ಗೊತ್ತುಪಡಿಸಿದ ಜಾಗ ಬಿಟ್ಟು ಬೇರೆಡೆ ಉಣ್ಣುವುದು, ಅನುಮತಿಯಿಲ್ಲದೆ ಸರಕು ಮಾರುವುದು 1959ರ ಪ್ರಾಚೀನ ಸ್ಮಾರಕ ನಿಯಮಗಳ ಪ್ರಕಾರ ನಿಷಿದ್ಧ. ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ, ಸುತ್ತಲಿನ ಹಳ್ಳಿಗಳ ಮೇಲೂ ಆ ತಾಣದ ನಿರ್ವಹಣಾ ಪ್ರಾಧಿಕಾರದ ನಿಗಾ ಇದೆ. ಕಲ್ಲಿಗೆ ಎಣ್ಣೆ ಜಿಡ್ಡು ತಾಗಿದರೆ ಯಾವ ಸತ್ಕಾರ್ಯಕ್ಕೆ ಎಂದು ಅದು ಕೇಳುವುದಿಲ್ಲ. ಆ ಕಾನೂನು ಸರಿಯಾಗಿಯೇ ಇದೆ. ಪಕ್ಕದ ಕಮಲಾಪುರದ ಶಾಲೆಯ ಅಂಗಳ, ಊರೊಳಗಿನ ಸಮುದಾಯ ಭವನ, ಒಪ್ಪುವ ಹೋಟೆಲಿನ ಮುಂಭಾಗ, ಇವು ಸಾಕು. ರಾಯ, ಬಸವ ಕಾಲುವೆಗಳ ನೀರುಣ್ಣುವ ಬಾಳೆತೋಟ ಸುತ್ತಲೂ ಇರುವಾಗ ತಟ್ಟೆಗೆ ಬರವಿಲ್ಲ. ಕರ್ನಾಟಕದಲ್ಲಿ 2016ರಿಂದಲೇ ಪ್ಲಾಸ್ಟಿಕ್ ತಟ್ಟೆ, ಲೋಟ, ಚೀಲಗಳಿಗೆ ನಿಷೇಧವಿದೆ, ಬಾಳೆಲೆ ಇದ್ದ ಮೇಲೆ ಅದರ ನೆನಪೇಕೆ.

ಇಷ್ಟೆಲ್ಲ ನೋಡಿದ ಮೇಲೆ, ನಮ್ಮ ಸೀಮೆಯಲ್ಲಿ ಒಂದೇ ಒಂದು ಮಾರಾಟ ಮಾಡುವುದಾದರೆ ಯಾವಾಗ, ಏನು ಎಂದು ಕೇಳಿದರೆ ನಾನು ನಾಗರಪಂಚಮಿ ಎನ್ನುತ್ತೇನೆ, ಉಂಡಿ ಎನ್ನುತ್ತೇನೆ. ಪಂಚಮಿಗೆ ಉಂಡಿ ಇಲ್ಲದ ಮನೆ ನಮ್ಮಲ್ಲಿಲ್ಲ. ಶೇಂಗಾ ಉಂಡಿ, ಎಳ್ಳುಂಡಿ, ಪುಟಾಣಿ ಉಂಡಿ, ಬೇಸನ್ ಉಂಡಿ, ರವೆ ಉಂಡಿ, ಮಂಡಾಳ ಉಂಡಿ. ತವರಿಗೆ ಬಂದ ಮಗಳ ಕೈಗೆ ಡಬ್ಬಿ ಕಟ್ಟಿಕೊಡದೆ ಕಳಿಸುವಂತಿಲ್ಲ. ಆದರೆ ಬ್ಯಾಂಕು, ಆಸ್ಪತ್ರೆ, ಕಾರ್ಖಾನೆಗಳಲ್ಲಿ ದುಡಿಯುವ ಎಷ್ಟೋ ಮನೆಗಳಲ್ಲಿ ಪಾಕ ಹಿಡಿಯುವಷ್ಟು ಹೊತ್ತು ಯಾರಿಗೂ ಇಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಎಲ್ಲೆಲ್ಲಿಂದಲೋ ಬಂದು ನೆಲೆಸಿದವರಿಗೆ ಪಂಚಮಿ ಉಂಡಿ ಮಾಡಿಕೊಡಲು ಅತ್ತೆಯೂ ಇಲ್ಲ, ಅವ್ವನೂ ಇಲ್ಲ. ಅಂದರೆ ಬೇಡಿಕೆ ಮೊದಲೇ ಇದೆ, ದಿನಾಂಕವನ್ನು ಪಂಚಾಂಗವೇ ಹೇಳಿದೆ, ಪದಾರ್ಥ ಒಂದೆರಡು ವಾರ ಕೆಡುವುದಿಲ್ಲ. ಸೇತುವೆ ಮುಳುಗಿದರೂ ಸರಿ, ಮುಂಗಡ ಚೀಟಿ ಇದ್ದರೆ ನಷ್ಟವಿಲ್ಲ.

ಒಂದು ಅಂದಾಜು ಹಾಕೋಣ. ಐದು ಬಗೆ ಸೇರಿ ಅರ್ಧ ಕಿಲೋದ ಡಬ್ಬಿ, ಸಾಮಾನು ಮತ್ತು ಡಬ್ಬಿಯ ಖರ್ಚು 120 ರೂಪಾಯಿ, ಬೆಲೆ 200. ನೂರು ಡಬ್ಬಿಗೆ ಚೀಟಿ ಹರಿದರೆ 20,000 ಬಂತು, 12,000 ಖರ್ಚು, 8,000 ಉಳಿಯಿತು. ಹತ್ತು ಜನ ಎರಡು ಮಧ್ಯಾಹ್ನ ನಾಲ್ಕುನಾಲ್ಕು ತಾಸು ಕೂತರೆ ಎಂಬತ್ತು ತಾಸು. ತಾಸಿಗೆ ನೂರು ರೂಪಾಯಿ ಹುಟ್ಟಿತು, ಹೋಳಿಗೆಗಿಂತ ಮೇಲು. ಮುಕ್ಕಾಲು ಹಣ ಮುಂಗಡ ಬಂದರೆ ಯಾರ ಮನೆಯ ಡಬ್ಬಿಯಿಂದಲೂ ಶೇಂಗಾ ಕೇಳಬೇಕಾಗಿಲ್ಲ. ಬೆಲ್ಲ, ಶೇಂಗಾಗಳನ್ನು ಪೇಟೆಯಿಂದ ಒಟ್ಟಿಗೆ ತರುವುದರಿಂದ ದರವೂ ಇಳಿಯುತ್ತದೆ, ರಸೀದಿಯೂ ಸಿಗುತ್ತದೆ. ಮನ್ಯಾಗಿಂದು ಎಂಬುದು ಆಗ ಸಾಮಾನಿನಿಂದ ಬಿಟ್ಟು ಕೈಗೆ ಮಾತ್ರ ಸೇರುತ್ತದೆ, ಆ ಕೈಯನ್ನೂ ಪುಸ್ತಕದಲ್ಲಿ ಬರೆಯುವುದು ಸುಲಭವಾಗುತ್ತದೆ.

ಒಂದೇ ಅಂಗಳದಲ್ಲಿ ಹತ್ತು ಜನ ಕೂತು ಮಾಡಲಿ ಎಂದು ನಾನು ಹಟ ಹಿಡಿಯುವುದಕ್ಕೆ ಇನ್ನೊಂದು ಕಾರಣವಿದೆ. ಅದನ್ನು ಮೆತ್ತಗೆ ಹೇಳಲು ಬರುವುದಿಲ್ಲ. ಡಬ್ಬಿಯ ಮೇಲೆ ಮಾಡಿದವರ ಹೆಸರು ಬರೆದರೆ ನಮ್ಮ ಜನ ಉಂಡಿ ನೋಡುವ ಮೊದಲು ಹೆಸರು ಓದುತ್ತಾರೆ, ಹೆಸರಿನಿಂದ ಜಾತಿ ಓದುತ್ತಾರೆ. ದಲಿತ ಮಹಿಳೆ ಬೇಯಿಸಿದ ಬಿಸಿಯೂಟವನ್ನು ಮಕ್ಕಳು ಉಣ್ಣದಂತೆ ತಡೆದ ಸುದ್ದಿಗಳು ಈ ರಾಜ್ಯದಲ್ಲಿ ಮತ್ತೆ ಮತ್ತೆ ಬಂದಿವೆ. ಯಾರದೋ ಮೇಜಿನ ಮುಂದೆ ಸಾಲು, ಯಾರದೋ ಮೇಜು ಸಂಜೆಯವರೆಗೆ ತುಂಬಿದ ಹಾಗೆಯೇ. ಮಗುವೊಂದು ತನ್ನ ಅವ್ವನ ಬುಟ್ಟಿ ತುಂಬಿದಂತೆಯೇ ಮನೆಗೆ ಮರಳುವುದನ್ನು ನೋಡಿದವರು ಅದನ್ನು ಮರೆಯಲಾರರು. ಅದಕ್ಕೆ ಎಲ್ಲರ ಕೈಯೂ ಒಂದೇ ಪರಾತದಲ್ಲಿ ಆಡಬೇಕು. ಹಿಂದೂ, ಮುಸ್ಲಿಂ, ಕ್ರೈಸ್ತ, ತಾಂಡಾ, ಕೇರಿ ಎಂಬ ಗೆರೆಯಿಲ್ಲದೆ ಬೆರೆಯಬೇಕು. ಡಬ್ಬಿಯ ಮೇಲೆ ಒಮ್ಮೆಗೆ ಮಾಡಿದ ಹದದ ಸಂಖ್ಯೆ ಮಾತ್ರ ಇರಲಿ: ಒಂದನೇ ಹದ, ಎರಡನೇ ಹದ. ಯಾವ ಹದವನ್ನು ಯಾರು ಹುರಿದರು, ಯಾರು ಪಾಕ ಹಿಡಿದರು, ಯಾರು ಕಟ್ಟಿದರು, ಎಷ್ಟು ತಾಸು ಎಂಬುದು ಒಳಗಿನ ಪುಸ್ತಕದಲ್ಲಿರಲಿ. ಮಾಂಟ್‌ಗೊಮರಿಯ ಹೆಂಗಸರಿಗೆ ಹೆಸರು ಮುಚ್ಚುವುದು ರಕ್ಷಣೆಯಾಗಿತ್ತು, ನಮಗೂ ಮೇಜಿನ ಮೇಲೆ ಅದು ರಕ್ಷಣೆ. ಪುಸ್ತಕದಲ್ಲಿ ಮಾತ್ರ ಯಾರ ಹೆಸರೂ ಬಿಟ್ಟುಹೋಗಬಾರದು.

ಆ ಸಂಖ್ಯೆ ಆರೋಗ್ಯಕ್ಕೂ ಬೇಕು. ಯಾರಿಗಾದರೂ ಹೊಟ್ಟೆ ಕೆಟ್ಟರೆ ಯಾವ ಹದದ ಡಬ್ಬಿ ಎಂದು ಕೂಡಲೇ ಹಿಡಿಯಬಹುದು, ಉಳಿದದ್ದನ್ನು ವಾಪಸ್ ಪಡೆಯಬಹುದು. ಡಬ್ಬಿಯ ಮೇಲೆ ಮಾಡಿದ ದಿನ ಮತ್ತು ಒಳಗಿರುವ ಪದಾರ್ಥಗಳ ಪಟ್ಟಿ ಬರೆಯಬೇಕು, ಶೇಂಗಾ, ಎಳ್ಳು, ಗೋಡಂಬಿ ಒಗ್ಗದವರು ಇರುತ್ತಾರೆ. ಹಳೆಯ ಶೇಂಗಾ ಬೇಡ. ಮುಗ್ಗು ಹಿಡಿದ, ಸುಕ್ಕುಗಟ್ಟಿದ ಕಾಳನ್ನು ಒಂದೊಂದಾಗಿ ಆರಿಸಿ ತೆಗೆಯಬೇಕು. ಅಂಥ ಕಾಳಿನ ಬೂಷ್ಟು ಬಿಡುವ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತಿಗೆ ಕೇಡು, ಹುರಿದರೂ ಪೂರ್ತಿ ಹೋಗುವುದಿಲ್ಲ. ಹಸಿ ಕೊಬ್ಬರಿ, ಖೋವಾ ಹಾಕಿದ್ದನ್ನು ಮಾರಾಟಕ್ಕೆ ಇಡದಿರುವುದೇ ಲೇಸು. ಬಿಸಿ ತಿನಿಸು ಇಟ್ಟರೆ ಅದು 60 ಡಿಗ್ರಿಗಿಂತ ಬಿಸಿಯಾಗಿಯೇ ಇರಬೇಕು. ಮಾಡಿ ಆರಿದ ಚಿತ್ರಾನ್ನ, ಪುಳಿಯೋಗರೆಗಳು ಹೊಸಪೇಟೆಯ ಏಪ್ರಿಲ್ ಬಿಸಿಲಿನಲ್ಲಿ ಒಂದು ತಾಸಿಗಿಂತ ಹೆಚ್ಚು ಹೊತ್ತು ಮೇಜಿನ ಮೇಲೆ ಇರಕೂಡದು. ಅನ್ನದಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ.

ಮಿರ್ಚಿಯನ್ನು ಪತ್ರಿಕೆಯ ಹಾಳೆಯಲ್ಲಿ ಸುತ್ತಿಕೊಡುವ ರೂಢಿ ಬಿಡಬೇಕು, ಮುದ್ರಣದ ಶಾಯಿ ಎಣ್ಣೆಗೆ ಇಳಿಯುತ್ತದೆ, ಆಹಾರ ಸುರಕ್ಷತಾ ನಿಯಮ ಅದನ್ನು ನಿಷೇಧಿಸಿದೆ. ಬಣ್ಣವೂ ಬೇಡ. 2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗಳಲ್ಲಿ ಕೃತಕ ಬಣ್ಣ ನಿಷೇಧಿಸಿದ್ದು ಎಲ್ಲರಿಗೂ ನೆನಪಿರಬೇಕು. ಶಾಲೆಯ ಅಂಗಳದಲ್ಲಿ ಮತ್ತು ಅದರ 50 ಮೀಟರ್ ಸುತ್ತಿನಲ್ಲಿ ಕೊಬ್ಬು, ಸಕ್ಕರೆ, ಉಪ್ಪು ಅತಿಯಾದ ತಿನಿಸನ್ನು ಮಕ್ಕಳಿಗೆ ಮಾರಬಾರದೆಂಬ 2020ರ ನಿಯಮವೂ ಇದೆ. ಹಾಗಾಗಿ ಮಕ್ಕಳ ಸಂತೆಯಲ್ಲಿ ಮೊಳಕೆ ಕಾಳು, ಹಣ್ಣು, ರೊಟ್ಟಿ–ಪಲ್ಯ, ಲಿಂಬು ಪಾನಕ ಇರಲಿ, ದೊಡ್ಡವರ ಡಬ್ಬಿ ಬೇರೆಡೆ ಮಾರಾಟವಾಗಲಿ. ತಾತ್ಕಾಲಿಕ ಮಳಿಗೆ ಹಾಕಿ ತಿನಿಸು ಮಾರುವ ಚಿಕ್ಕ ವ್ಯಾಪಾರಿಗಳಿಗೂ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಅನ್ವಯಿಸುತ್ತದೆ. ಶುಲ್ಕ ಹೆಚ್ಚಲ್ಲ. ಗುಂಪಿನಲ್ಲಿ ಸ್ವಸಹಾಯ ಸಂಘವೊಂದು ಇದ್ದರೆ ಅದರ ಹೆಸರಿನಲ್ಲೇ ಮಾಡಿಸಿಕೊಂಡರೆ ವರ್ಷವಿಡೀ ಉಪಯೋಗ.

ದುಡ್ಡು ಹಿಡಿಯುವವರು ತಿಂಡಿ ಮುಟ್ಟಬಾರದು, ತಿಂಡಿ ಮುಟ್ಟುವವರು ದುಡ್ಡು ಹಿಡಿಯಬಾರದು. ಇದು ಶುಚಿತ್ವಕ್ಕೂ ಒಳ್ಳೆಯದು, ಲೆಕ್ಕಕ್ಕೂ ಒಳ್ಳೆಯದು. ಫೋನ್‌ಪೇ ಚೌಕ ಯಾರೋ ಒಬ್ಬರ ಸ್ವಂತ ಖಾತೆಯದಾಗಿದ್ದರೆ ನಾಳೆ ಮಾತು ಬರುತ್ತದೆ. ಒಳ್ಳೆಯವರ ಮೇಲೆಯೇ ಮೊದಲು ಬರುತ್ತದೆ. ಶಾಲೆಗಾದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಜಂಟಿ ಖಾತೆ ಇದೆ, ಹಣ ನೇರ ಅಲ್ಲಿಗೆ ಹೋಗಲಿ. ಮೇಜಿನ ಮೇಲೆ ದೊಡ್ಡ ಅಕ್ಷರದಲ್ಲಿ ಗುರಿ ಬರೆದಿರಲಿ. ‘ಶಾಲೆಯ ಸಹಾಯಾರ್ಥ’ ಎಂದರೆ ಯಾರ ಕಣ್ಣೂ ನಿಲ್ಲುವುದಿಲ್ಲ. ‘ನಾಲ್ಕನೇ ಕೋಣೆಯ ಕಿಟಕಿಗೆ ಎರಡು ಬಾಗಿಲು, ಬೇಕಾದದ್ದು 8,000’ ಎಂದರೆ ದಾರಿಹೋಕರೂ ನಿಲ್ಲುತ್ತಾರೆ, ಚಿಲ್ಲರೆ ಬೇಡ ಇಟ್ಕೊಳ್ಳಿ ಎನ್ನುತ್ತಾರೆ.

ಮಾರಾಟ ಮುಗಿದ ಸಂಜೆ ಎಲ್ಲರೂ ದಣಿದಿರುತ್ತಾರೆ. ಆದರೂ ಅಂದೇ ಕೂತು ಮಾಡಬೇಕಾದ ಕೆಲಸವೊಂದಿದೆ. ನೆರೆಹೊರೆಯಿಂದ ತಂದ ಬಾಣಲೆ, ಪರಾತ, ಕುಟ್ಟುವ ಹಾರೆ, ಜರಡಿ, ಸ್ಟೀಲಿನ ಡಬ್ಬಿಗಳನ್ನು ತೊಳೆದು ಒರೆಸಿ ಯಾರಯಾರದೆಂದು ವಿಂಗಡಿಸುವುದು. ಪಾತ್ರೆ ಖಾಲಿ ಕೊಡಬಾರದೆಂಬುದು ನಮ್ಮ ಕಡೆಯ ಪದ್ಧತಿ. ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡುತ್ತಾರೆ. ಪ್ರತಿ ಡಬ್ಬಿಯಲ್ಲೂ ಎರಡು ಉಂಡಿ, ಉಂಡಿಯ ಕೆಳಗೆ ಒಂದು ಚೀಟಿ. ಚೀಟಿಯಲ್ಲಿ ನಾಲ್ಕು ಸಾಲು: ಒಟ್ಟು ಬಂದದ್ದು ಇಷ್ಟು, ಸಾಮಾನಿಗೆ ಹೋದದ್ದು ಇಷ್ಟು, ಕಿಟಕಿಗೆ ಸೇರಿದ್ದು ಇಷ್ಟು. ನಾಲ್ಕನೆಯ ಸಾಲಿನಲ್ಲಿ ಆ ಮನೆಯವಳ ಹೆಸರು, ಮುಂದೆ ‘ಎಂಟು ತಾಸು’.